ಪ್ರಾಸ್ಟೇಟ್ ಅರ್ಬುದದ ಚಿಕಿತ್ಸೆಯಲ್ಲಿ ಸುತ್ತುಗಳ ಸಂಖ್ಯೆ: ಒಂದು ಐತಿಹಾಸಿಕ ವಿವೇಚನೆ

೧

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿಯೂ ಅದರಾಚೆಯ ಮೂಡಿಗೆರೆ, ಕಳಸ ಸೀಮೆಗಳೂ ಕಾಫಿಯ ನಾಡೆಂದು ಪ್ರಸಿದ್ಧವಾಗಿವೆ. ಈ ನಾಡಿನ ಚರಿತ್ರೆಯೆಂದೊಡನೆ ಶಾಸನಗಳು, ಪಾಳೆಯಗಾರರು, ತೋಟಗಳ ವಿಸ್ತರಣೆ ಇವು ನಮ್ಮ ಮನಸ್ಸಿಗೆ ಬರುತ್ತವೆ. ಇಲ್ಲಿನ ಜನ ರೋಗವನ್ನು ಹೇಗೆ ಎದುರಿಸಿದರು, ಔಷಧವನ್ನು ಎಷ್ಟು ಕಾಲ ಸೇವಿಸಿದರು, ಎಲ್ಲಿಗೆ ಸಾಕೆಂದರು ಎಂಬುದೂ ಚರಿತ್ರೆಯ ವಿಷಯವೇ. ಪ್ರಸ್ತುತ ಲೇಖನದಲ್ಲಿ ಅದರ ಒಂದು ಅಂಶವನ್ನು ಮಾತ್ರ ಎತ್ತಿಕೊಂಡಿದ್ದೇವೆ. ಇಳಿವಯಸ್ಸಿನ ಪುರುಷರಲ್ಲಿ ಹೆಚ್ಚಾಗಿ ಕಾಣುವ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು (ಜನರ ಮಾತಿನಲ್ಲಿ ಕ್ಯಾನ್ಸರು) ಮೂಳೆಗಳಿಗೆ ಹರಡಿದ ಮೇಲೆ ಕೊಡುವ ಕೀಮೋಥೆರಪಿಯನ್ನು ಎಷ್ಟು ಸುತ್ತು ಪೂರೈಸಬೇಕು? ಆರೋ, ಹತ್ತೋ? ಈ ಸಂಖ್ಯೆಗಳು ಬಂದುದಾದರೂ ಎಲ್ಲಿಂದ?

ಪ್ರಶ್ನೆಯು ವೈದ್ಯರದು, ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಯಾವ ರೋಗಿಗೆ ಯಾವ ಔಷಧವೆಂಬುದನ್ನು ನಿಶ್ಚಯಿಸುವ ಅಧಿಕಾರವು ವೈದ್ಯರಿಗೆ ಸೇರಿದ್ದು. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಒಂದು ಸಂಖ್ಯೆಯು ಹೇಗೆ ಹುಟ್ಟಿ, ಹೇಗೆ ಪ್ರಮಾಣವೆನಿಸಿಕೊಂಡಿತು ಎಂಬುದನ್ನು ಆಧಾರಗಳಿಂದ ಪರಿಶೀಲಿಸುವುದು ಇತಿಹಾಸಕಾರನ ಕೆಲಸವೇ ಆಗಿದೆ. ಈ ಪರಿಶೀಲನೆಯು ಬರಿಯ ಕುತೂಹಲಕ್ಕಾಗಿ ಅಲ್ಲ. "ಆಚೆಮನೆಯವರಿಗೆ ಆರಕ್ಕೇ ಮುಗಿಯಿತಂತೆ, ನಮ್ಮ ಅಪ್ಪಯ್ಯನಿಗೇಕೆ ಹತ್ತು?" ಎಂದು ಮಗನು ಕೇಳುವ, "ಎಂಟಕ್ಕೆ ನಿಲ್ಲಿಸಿದರೆ ಇಷ್ಟು ದಿನ ಪಟ್ಟದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದಿಲ್ಲವೇ?" ಎಂದು ಮನೆಯಾಕೆಯು ಅಂಜುವ ಸಂದರ್ಭಗಳು ಈ ಗುಡ್ಡಗಾಡಿನಲ್ಲಿ ಅಪೂರ್ವವಲ್ಲ. ಸಂಖ್ಯೆಯನ್ನು ವಿಧಿಯೆಂದು ಭಾವಿಸುವುದರಿಂದ ಹುಟ್ಟುವ ಭಯವನ್ನು, ಆ ಸಂಖ್ಯೆಯ ಚರಿತ್ರೆಯನ್ನು ತಿಳಿಯುವುದರಿಂದ ಕೊಂಚಮಟ್ಟಿಗೆ ಪರಿಹರಿಸಿಕೊಳ್ಳಬಹುದೆಂಬುದು ನಮ್ಮ ಅಭಿಪ್ರಾಯ.

೨

ಔಷಧಕ್ಕೆ ಲೆಕ್ಕ ಕಟ್ಟುವ ರೂಢಿ ನಮ್ಮಲ್ಲಿ ಹೊಸದಲ್ಲ. ನಾಟಿವೈದ್ಯರು "ಒಂದು ಮಂಡಲ ತೆಗೆದುಕೊಳ್ಳಿ" ಎನ್ನುತ್ತಾರೆ. ಮಂಡಲವೆಂದರೆ ಎಷ್ಟು ದಿನ? ಕೆಲವರು ೪೮ ಎನ್ನುತ್ತಾರೆ, ಕೆಲವರು ೪೧ ಎನ್ನುತ್ತಾರೆ, ಮತ್ತೆ ಕೆಲವರು ೪೦ಕ್ಕೇ ಮುಗಿಸುತ್ತಾರೆ. ಸಂಖ್ಯೆ ಬೇರೆಯಾದರೂ ನಂಬಿಕೆ ಒಂದೇ: ನಡುವೆ ಬಿಟ್ಟರೆ ಫಲವಿಲ್ಲ. ಇದು ವ್ರತದ ನಿಯಮ. ಪಥ್ಯವೂ ವ್ರತವೂ ಒಂದೇ ಶಿಸ್ತಿಗೆ ಸೇರಿದವೆಂದು ಭಾವಿಸಿದ ಸಮಾಜದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಬರೆದ ಸಂಖ್ಯೆಗೂ ಅದೇ ಬಗೆಯ ಬಲ ಬಂದುದು ಸಹಜವೇ ಆಗಿದೆ.

ಮಲೆನಾಡನ್ನು ಬಹುಕಾಲ ಪೀಡಿಸಿದ ಮಲೇರಿಯಾ ಜ್ವರದ ಚಿಕಿತ್ಸೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಕ್ವಿನೈನನ್ನು ಎಷ್ಟು ದಿನ ನುಂಗಬೇಕು? ಮೊದಲನೆಯ ಮಹಾಯುದ್ಧದ ಕಾಲದ ಅಮೆರಿಕದ ವೈದ್ಯರು, ಜ್ವರ ಬಿಟ್ಟ ಮೇಲೆಯೂ ರಾತ್ರಿಗೆ ೧೦ ಗ್ರೇನಿನಂತೆ ಎಂಟು ವಾರ ಸೇವಿಸಬೇಕೆಂದು ಗೊತ್ತುಮಾಡಿದ್ದರು. ೧೯೩೦ರ ದಶಕದಲ್ಲಿ ರಾಷ್ಟ್ರಸಂಘದ ಮಲೇರಿಯಾ ಆಯೋಗವು ಐದರಿಂದ ಏಳು ದಿನದ ಚಿಕಿತ್ಸೆಯೇ ಸಾಕೆಂದು ಸಲಹೆ ಮಾಡಿತು. ಔಷಧ ಬದಲಾಗಲಿಲ್ಲ, ರೋಗವೂ ಬದಲಾಗಲಿಲ್ಲ. ಎಂಟು ವಾರವು ಏಳು ದಿನಕ್ಕೆ ಇಳಿಯಿತು. ಉದ್ದೇಶವೇ ಬೇರೆಯಾದುದು ಇದಕ್ಕೆ ಕಾರಣ. ಮೊದಲಿನವರು ಜ್ವರವು ಮರುಕಳಿಸದಂತೆ ಬೇರುಸಹಿತ ಕೀಳಬಯಸಿದರು. ಅನಂತರದವರು ಬಂದ ಜ್ವರವನ್ನು ಇಳಿಸಿ, ಮರುಕಳಿಸಿದರೆ ಮತ್ತೆ ಕೊಡುವುದೇ ಲೇಸೆಂದರು. ಚಿಕಿತ್ಸೆಯ ಸಂಖ್ಯೆಯು ಚಿಕಿತ್ಸೆಯ ಉದ್ದೇಶವನ್ನು ಅನುಸರಿಸುತ್ತದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಪ್ರಕೃತ ವಿಷಯದಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು.

೩

ಹರಡಿದ ಪ್ರಾಸ್ಟೇಟ್ ಅರ್ಬುದಕ್ಕೆ ಮೊದಲ ನಿಜವಾದ ಚಿಕಿತ್ಸೆ ದೊರೆತದ್ದು ೧೯೪೧ರಲ್ಲಿ. ಷಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಎಂಬವರು, ವೃಷಣಗಳಿಂದ ಹುಟ್ಟುವ ಗಂಡುಹಾರ್ಮೋನನ್ನು ತಡೆದರೆ ಈ ಅರ್ಬುದವು ಕುಗ್ಗುವುದೆಂದು ತೋರಿಸಿಕೊಟ್ಟರು. ಹಗಿನ್ಸ್ ಅವರಿಗೆ ೧೯೬೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಶಸ್ತ್ರಕ್ರಿಯೆಯಿಂದಲೋ ಔಷಧದಿಂದಲೋ ಹಾರ್ಮೋನನ್ನು ತಡೆಯುವ ಈ ಕ್ರಮವು ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ. ಆದರೆ ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ರೋಗವು ಈ ತಡೆಯನ್ನು ಮೀರಿ ಬೆಳೆಯತೊಡಗುತ್ತದೆ. ಆ ಹಂತದಲ್ಲಿ ಏನು ಮಾಡಬೇಕೆಂಬುದಕ್ಕೆ ಅರ್ಧಶತಮಾನ ಸಮರ್ಪಕವಾದ ಉತ್ತರವಿರಲಿಲ್ಲ.

ಈ ನಡುವೆ ಒಂದು ಪಾಠ ದೊರೆಯಿತು. ೧೯೬೦ರ ದಶಕದಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಸ್ಟಿಲ್‌ಬೆಸ್ಟ್ರಾಲ್ ಎಂಬ ಹೆಣ್ಣುಹಾರ್ಮೋನಿನ ಔಷಧವನ್ನು ದಿನಕ್ಕೆ ೫ ಮಿಲಿಗ್ರಾಂ ಕೊಟ್ಟಾಗ, ಅರ್ಬುದದ ಸಾವು ಕಡಿಮೆಯಾದರೂ ಹೃದಯರೋಗದ ಸಾವು ಹೆಚ್ಚಿತು. ಮುಂದಿನ ಪರೀಕ್ಷೆಯಲ್ಲಿ ೧ ಮಿಲಿಗ್ರಾಂ ಕೊಟ್ಟಾಗ ಅರ್ಬುದವನ್ನು ತಡೆಯುವ ಶಕ್ತಿ ಕುಂದಲಿಲ್ಲ, ಹೃದಯಕ್ಕೆ ಆಗುತ್ತಿದ್ದ ಅಪಾಯ ತಗ್ಗಿತು. ಹೆಚ್ಚು ಔಷಧವೆಂದರೆ ಹೆಚ್ಚು ಗುಣವೆಂಬ ನಂಬಿಕೆಗೆ ಈ ರೋಗದ ಚರಿತ್ರೆಯಲ್ಲಿ ಬಿದ್ದ ಮೊದಲ ಪೆಟ್ಟುಗಳಲ್ಲಿ ಇದೂ ಒಂದು.

ಕೀಮೋಥೆರಪಿಯ ಪ್ರವೇಶವಾದುದು ೧೯೯೬ರಲ್ಲಿ. ಕೆನಡಾದ ಇಯಾನ್ ಟ್ಯಾನಕ್ ಮತ್ತು ಅವರ ಸಹೋದ್ಯೋಗಿಗಳು ೧೬೧ ಮಂದಿ ರೋಗಿಗಳಲ್ಲಿ ಮೈಟೋಕ್ಸಾಂಟ್ರೋನ್ ಎಂಬ ಔಷಧವನ್ನು ಪರೀಕ್ಷಿಸಿದರು. ಅವರು ಮುಖ್ಯವಾಗಿ ಅಳೆದದ್ದು ಆಯುಸ್ಸನ್ನಲ್ಲ, ನೋವನ್ನು. ಪ್ರೆಡ್ನಿಸೋನ್ ಮಾತ್ರವನ್ನೇ ಪಡೆದವರಲ್ಲಿ ಶೇಕಡ ೧೨ ಮಂದಿಗೆ ನೋವು ಇಳಿದರೆ, ಮೈಟೋಕ್ಸಾಂಟ್ರೋನನ್ನೂ ಸೇರಿಸಿ ಪಡೆದವರಲ್ಲಿ ಶೇಕಡ ೨೯ ಮಂದಿಗೆ ಇಳಿಯಿತು. ಆಯುಸ್ಸು ಹೆಚ್ಚಲಿಲ್ಲ. ಈ ಔಷಧವು ಹೃದಯಕ್ಕೆ ಕೇಡು ಮಾಡುವುದರಿಂದ ದೇಹದ ಮೇಲ್ಮೈಯ ಚದರ ಮೀಟರಿಗೆ ಒಟ್ಟು ೧೪೦ ಮಿಲಿಗ್ರಾಮನ್ನು ಮೀರಬಾರದೆಂಬ ಕಟ್ಟಳೆಯಿತ್ತು. ಸುತ್ತಿಗೆ ೧೨ರಂತೆ ಲೆಕ್ಕಹಾಕಿದರೆ ಹನ್ನೊಂದು ಸುತ್ತಿಗೆ ೧೩೨ ಆಗುತ್ತದೆ; ಹನ್ನೆರಡನೆಯದು ಎಲ್ಲೆಯನ್ನು ದಾಟುತ್ತದೆ. ಇಲ್ಲಿ ಸಂಖ್ಯೆಗೆ ಮೇರೆಯನ್ನು ಹಾಕಿದ್ದು ರೋಗವಲ್ಲ, ರೋಗಿಯ ಹೃದಯ.

೪

ಇಂದು ಬಳಕೆಯಲ್ಲಿರುವ ಮುಖ್ಯ ಔಷಧ ಡೋಸಿಟ್ಯಾಕ್ಸೆಲ್. ಇದರ ಮೂಲವು ಯೂ ಎಂಬ ಮರ. ೧೯೬೨ರಲ್ಲಿ ಅಮೆರಿಕದ ಪಶ್ಚಿಮ ತೀರದ ಯೂ ಮರದ ತೊಗಟೆಯನ್ನು ಸಂಗ್ರಹಿಸಲಾಯಿತು. ಅದರಲ್ಲಿ ಅಡಗಿದ್ದ ಟ್ಯಾಕ್ಸಾಲ್ ಎಂಬ ವಸ್ತುವಿನ ರಚನೆಯನ್ನು ೧೯೭೧ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಭಾರತ ಸಂಜಾತರಾದ ಮನಸುಖ ವಾಣಿ. ತೊಗಟೆ ಸುಲಿದರೆ ಮರ ಸಾಯುತ್ತಿತ್ತು. ಫ್ರಾನ್ಸಿನ ಪಿಯೆರ್ ಪೋಟಿಯೆ ಮತ್ತು ಅವರ ಸಂಗಡಿಗರು ೧೯೮೦ರ ದಶಕದಲ್ಲಿ ಯೂರೋಪಿನ ಯೂ ಮರದ ಎಲೆಗಳಿಂದ ಮೂಲವಸ್ತುವನ್ನು ತೆಗೆದು ಡೋಸಿಟ್ಯಾಕ್ಸೆಲನ್ನು ಸಿದ್ಧಪಡಿಸಿದರು. ಎಲೆ ಮತ್ತೆ ಚಿಗುರುವುದರಿಂದ ಔಷಧಕ್ಕೆ ಕೊರತೆಯಾಗಲಿಲ್ಲ.

೨೦೦೪ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶಗಳು ಒಟ್ಟಿಗೆ ಪ್ರಕಟವಾದವು. ಮೊದಲನೆಯದಾದ ಟ್ಯಾಕ್ಸ್ ೩೨೭ ಎಂಬುದು ಹಿಂದೆ ಹೇಳಿದ ಟ್ಯಾನಕ್ ಅವರ ನೇತೃತ್ವದ್ದೇ. ಹಾರ್ಮೋನಿನ ತಡೆಯನ್ನು ರೋಗವು ಮೀರಿದ್ದ ೧೦೦೬ ಮಂದಿ ಅದರಲ್ಲಿ ಸೇರಿದ್ದರು. ಅವರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್, ಹತ್ತು ಸುತ್ತು. ಎರಡನೆಯದಕ್ಕೆ ವಾರವಾರವೂ ಅದೇ ಔಷಧ, ಆರು ವಾರದ ಐದು ಸುತ್ತು. ಮೂರನೆಯದಕ್ಕೆ ಮೂರು ವಾರಕ್ಕೊಮ್ಮೆ ಮೈಟೋಕ್ಸಾಂಟ್ರೋನ್, ಹತ್ತು ಸುತ್ತು. ಗುಣಿಸಿ ನೋಡಿದರೆ ಮೂರು ಗುಂಪಿಗೂ ೩೦ ವಾರವೇ ಬರುತ್ತದೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಅವಧಿ ಸಮನಾಗಿರಬೇಕು. ಹತ್ತು ಸುತ್ತಿನ ಮೈಟೋಕ್ಸಾಂಟ್ರೋನ್ ೧೨೦ ಮಿಲಿಗ್ರಾಮಾಗಿ ೧೪೦ರ ಕಟ್ಟಳೆಯ ಒಳಗೇ ಉಳಿಯುತ್ತದೆಂಬುದನ್ನೂ ಗಮನಿಸಬೇಕು. ಹತ್ತು ಎಂಬುದು ಪರೀಕ್ಷೆಯ ವಿನ್ಯಾಸಕ್ಕೆ ಹೊಂದಿಕೊಂಡ ಸಂಖ್ಯೆ.

ಫಲಿತಾಂಶವು ಮಹತ್ವದ್ದಾಗಿತ್ತು. ಮೈಟೋಕ್ಸಾಂಟ್ರೋನ್ ಪಡೆದವರ ಮಧ್ಯಕ ಆಯುಸ್ಸು ೧೬.೫ ತಿಂಗಳಾದರೆ, ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಪಡೆದವರದು ೧೮.೯ ತಿಂಗಳು. ನೋವು ಇಳಿದವರು ಕ್ರಮವಾಗಿ ಶೇಕಡ ೨೨ ಮತ್ತು ೩೫. ಹರಡಿದ ಈ ರೋಗದಲ್ಲಿ ಕೀಮೋಥೆರಪಿಯಿಂದ ಆಯುಸ್ಸು ಬೆಳೆಯುವುದೆಂದು ಮೊದಲ ಬಾರಿಗೆ ಸಿದ್ಧವಾಯಿತು. ಇದೇ ಪರೀಕ್ಷೆಯ ಇನ್ನೊಂದು ಅಂಶ ಜನರ ಕಿವಿಗೆ ಬೀಳುವುದು ಕಡಿಮೆ: ಆ ಗುಂಪಿನಲ್ಲಿ ಹತ್ತನ್ನೂ ಪೂರೈಸಿದವರು ಅರ್ಧಕ್ಕಿಂತ ಕೊಂಚ ಕಡಿಮೆ, ಅಂದರೆ ಶೇಕಡ ೪೬ ಮಂದಿ. ೧೮.೯ ತಿಂಗಳೆಂಬ ಲೆಕ್ಕದಲ್ಲಿ ಪೂರೈಸಿದವರೂ ಇದ್ದಾರೆ, ನಡುವೆ ನಿಲ್ಲಿಸಿದವರೂ ಇದ್ದಾರೆ. ಅದೇ ವರ್ಷದ ಎರಡನೆಯ ಪರೀಕ್ಷೆಯಲ್ಲಿ ಡೋಸಿಟ್ಯಾಕ್ಸೆಲಿನೊಡನೆ ಮತ್ತೊಂದು ಔಷಧವನ್ನು ಸೇರಿಸಿ ಗರಿಷ್ಠ ಹನ್ನೆರಡು ಸುತ್ತು ಕೊಡಲಾಗಿತ್ತು. ಒಂದೇ ರೋಗ, ಒಂದೇ ಕಾಲ; ಒಂದೆಡೆ ಹತ್ತು, ಇನ್ನೊಂದೆಡೆ ಹನ್ನೆರಡು. ಹನ್ನೆರಡು ಮರೆಯಾಗಿ ಹತ್ತು ರೂಢಿಯಾದುದಕ್ಕೆ, ಮೊದಲ ಪರೀಕ್ಷೆಯ ಔಷಧಕ್ರಮವು ಸರಳವಾಗಿದ್ದು ಎಲ್ಲೆಡೆಯೂ ಬಳಕೆಗೆ ಬಂದುದೇ ಕಾರಣವೆನ್ನಬಹುದು.

೫

ಆರು ಎಂಬ ಸಂಖ್ಯೆಯ ಕಥೆ ಬೇರೆ. ೨೦೧೦ರ ದಶಕದಲ್ಲಿ, ರೋಗವು ಹಾರ್ಮೋನಿನ ತಡೆಗೆ ಇನ್ನೂ ಮಣಿಯುತ್ತಿರುವಾಗಲೇ, ಅಂದರೆ ಚಿಕಿತ್ಸೆಯ ಆರಂಭದಲ್ಲಿಯೇ, ಡೋಸಿಟ್ಯಾಕ್ಸೆಲನ್ನು ಕೊಟ್ಟುನೋಡಿದರು. ಫ್ರಾನ್ಸಿನಲ್ಲಿ ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗರಿಷ್ಠ ಒಂಬತ್ತು ಸುತ್ತು ಗೊತ್ತುಮಾಡಿದ್ದರು. ಅಲ್ಲಿ ಆಯುಸ್ಸಿನ ಹೆಚ್ಚಳವು ನಿಸ್ಸಂದೇಹವಾಗಿ ಸಿದ್ಧವಾಗಲಿಲ್ಲ. ಚಿಕಿತ್ಸೆಯಿಂದಲೇ ಕೆಲವು ಸಾವುಗಳು ಸಂಭವಿಸಿದ್ದವು. ಅಮೆರಿಕದ ಚಾರ್ಟೆಡ್ ಪರೀಕ್ಷೆ (೨೦೧೫) ೭೯೦ ಮಂದಿಯನ್ನು ಒಳಗೊಂಡಿತ್ತು, ಸುತ್ತು ಆರು. ಹಾರ್ಮೋನ್ ಚಿಕಿತ್ಸೆ ಮಾತ್ರ ಪಡೆದವರ ಮಧ್ಯಕ ಆಯುಸ್ಸು ೪೪ ತಿಂಗಳು, ಕೀಮೋಥೆರಪಿಯನ್ನೂ ಪಡೆದವರದು ೫೭.೬ ತಿಂಗಳು. ರೋಗವು ಹೆಚ್ಚು ಹರಡಿದ್ದವರಲ್ಲಿ ಈ ಲಾಭ ಸ್ಪಷ್ಟವಾಗಿತ್ತು. ೨೦೧೬ರಲ್ಲಿ ಬ್ರಿಟನ್ನಿನ ಸ್ಟ್ಯಾಂಪೀಡ್ ಪರೀಕ್ಷೆಯೂ ಆರು ಸುತ್ತಿನಿಂದಲೇ ಲಾಭವನ್ನು ಕಂಡಿತು. ೨೦೨೨ರಲ್ಲಿ ಪ್ರಕಟವಾದ, ಹೊಸ ಹಾರ್ಮೋನ್ ಔಷಧಗಳನ್ನು ಕೂಡಿಸಿದ ಪರೀಕ್ಷೆಗಳೂ ಆರನ್ನೇ ಅನುಸರಿಸಿದವು.

ಆದಕಾರಣ ಆಚೆಮನೆಯ ಆರಕ್ಕೂ ಈಚೆಮನೆಯ ಹತ್ತಕ್ಕೂ ಹೋಲಿಕೆಯಿಲ್ಲ. ಒಂದು ರೋಗದ ಆರಂಭದ ಹಂತದ್ದು, ಇನ್ನೊಂದು ರೋಗವು ತಡೆಯನ್ನು ಮೀರಿದ ಹಂತದ್ದು. ಔಷಧದ ಹೆಸರು ಒಂದೇ ಆದುದರಿಂದ ಜನರಲ್ಲಿ ಗೊಂದಲ ಹುಟ್ಟಿದೆ. ಮತ್ತೊಂದು ಮಾತನ್ನು ಒತ್ತಿ ಹೇಳಬೇಕು. ಮೇಲೆ ಹೇಳಿದ ಪರೀಕ್ಷೆಗಳೆಲ್ಲವೂ ಒಂದು ಔಷಧವನ್ನು ಇನ್ನೊಂದರೊಡನೆ, ಅಥವಾ ಔಷಧವಿರುವುದನ್ನು ಇಲ್ಲದಿರುವುದರೊಡನೆ ಹೋಲಿಸಿದವು. ಆರು ಸುತ್ತನ್ನು ಹತ್ತು ಸುತ್ತಿನೊಡನೆ ಇವು ಹೋಲಿಸಲಿಲ್ಲ.

೬

ಹಾಗಾದರೆ ಹೆಚ್ಚು ಸುತ್ತು ಪಡೆದವರು ಹೆಚ್ಚು ಕಾಲ ಬದುಕಿದರೇ? ಮೇನ್‌ಸೇಲ್ ಎಂಬ ಪರೀಕ್ಷೆಯಲ್ಲಿದ್ದ ೧೦೫೯ ಮಂದಿಯ ದಾಖಲೆಗಳನ್ನು ಅನಂತರ ಪರಿಶೀಲಿಸಿ ೨೦೧೭ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಲಾಯಿತು. ಐದರಿಂದ ಏಳು ಸುತ್ತು ಪಡೆದವರ ಮಧ್ಯಕ ಆಯುಸ್ಸು ೨೨.೮ ತಿಂಗಳು; ಎಂಟರಿಂದ ಹತ್ತು ಪಡೆದವರದು ೨೬.೯, ಹತ್ತನ್ನು ಮೀರಿದವರದು ೩೩. ಮೇಲ್ನೋಟಕ್ಕೆ ಇದು ತೀರ್ಮಾನವನ್ನೇ ಕೊಟ್ಟಂತೆ ಕಾಣುತ್ತದೆ.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಎಚ್ಚರಗೊಳ್ಳಬೇಕು. ಅಂದಿನ ಕಡೂರು ಜಿಲ್ಲೆಯ, ಇಂದಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಅವರು ೧೯೦೧ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿದರು. ವೀರಗಲ್ಲುಗಳನ್ನು ಮಾತ್ರವೇ ಓದಿ, ಅಂದಿನ ಕಾಳಗಗಳಲ್ಲಿ ಹೋರಾಡಿದವರೆಲ್ಲರೂ ಮಡಿದರೆಂದು ತೀರ್ಮಾನಿಸಿದರೆ ಅದು ಸರಿಯಾಗುವುದೇ? ಕಲ್ಲು ನಿಂತದ್ದು ಮಡಿದವರಿಗೆ. ಬದುಕಿ ಮನೆಗೆ ಬಂದವರಿಗೆ ಕಲ್ಲಿಲ್ಲ. ಆಧಾರವು ಯಾರನ್ನು ಆರಿಸಿಕೊಂಡು ದಾಖಲಿಸಿದೆಯೆಂಬುದನ್ನು ಮೊದಲು ಕೇಳಬೇಕೆಂಬುದು ನಮ್ಮ ಶಾಸ್ತ್ರದ ಪ್ರಥಮ ಪಾಠ. ಹನ್ನೊಂದನೆಯ ಸುತ್ತನ್ನು ಪಡೆಯಬೇಕಾದರೆ ರೋಗಿಯು ಹತ್ತು ಸುತ್ತಿನವರೆಗೆ ಬದುಕಿರಬೇಕು, ರೋಗವು ಔಷಧಕ್ಕೆ ಮಣಿಯುತ್ತಿರಬೇಕು, ದೇಹವು ತಡೆದುಕೊಳ್ಳಬೇಕು. ಆರಕ್ಕೆ ನಿಲ್ಲಿಸಿದವರಲ್ಲಿ ಹಲವರು ರೋಗವು ಉಲ್ಬಣಿಸಿದ್ದರಿಂದಲೇ ನಿಲ್ಲಿಸಿದವರು. ಸುತ್ತು ಹೆಚ್ಚಾದುದರಿಂದ ಬಾಳಿದರೋ, ಬಾಳುವ ಕಸುವಿದ್ದುದರಿಂದ ಸುತ್ತು ಹೆಚ್ಚಾಯಿತೋ? ಇಂತಹ ಲೆಕ್ಕದಿಂದ ಮಾತ್ರವೇ ಇವೆರಡನ್ನು ಪೂರ್ಣವಾಗಿ ಬೇರ್ಪಡಿಸಲಾಗದು. ಚೆನ್ನಾಗಿ ಫಲಿಸುತ್ತಿರುವ ಔಷಧವನ್ನು ಕಾರಣವಿಲ್ಲದೆ ನಿಲ್ಲಿಸಬಾರದೆಂಬಷ್ಟು ಮಾತಿಗೆ ಮಾತ್ರ ಈ ದಾಖಲೆ ಬೆಂಬಲ ಕೊಡುತ್ತದೆ.

ನಿಲ್ಲಿಸಿದ ಔಷಧವು ಕಳೆದುಹೋದ ಔಷಧವಲ್ಲವೆಂಬುದಕ್ಕೂ ಆಧಾರವಿದೆ. ೨೦೦೮ರಲ್ಲಿ ಪ್ರಕಟವಾದ ೨೫೦ ಮಂದಿಯ ಪರೀಕ್ಷೆಯೊಂದರಲ್ಲಿ, ಚಿಕಿತ್ಸೆ ಚೆನ್ನಾಗಿ ಫಲಿಸಿದ ಶೇಕಡ ೧೮ ಮಂದಿಗೆ ನಡುವೆ ಬಿಡುವು ಕೊಡಲಾಯಿತು. ಮೊದಲ ಬಿಡುವಿನ ಮಧ್ಯಕ ಅವಧಿ ೧೮ ವಾರ. ಮತ್ತೆ ಆರಂಭಿಸಿದಾಗ ಹಲವರಲ್ಲಿ ಔಷಧವು ಪುನಃ ಫಲಿಸಿತು. ಮಂಡಲವು ಮುರಿದರೆ ಎಲ್ಲವೂ ವ್ಯರ್ಥವೆಂಬ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ.

೭

ಈಗ ನಮ್ಮ ನಾಡಿನ ಕಡೆಗೆ ಬರೋಣ. ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ, ಅಂದರೆ ಹಗಿನ್ಸ್ ಅವರ ಲೇಖನ ಪ್ರಕಟವಾದ ವರ್ಷದಲ್ಲಿಯೇ, ಆರಂಭವಾಯಿತು. ಕರ್ನಾಟಕಕ್ಕೆ ತನ್ನದೇ ಆದ ದೊಡ್ಡ ಸಂಸ್ಥೆ ದೊರೆತದ್ದು ೧೯೭೩ರಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಸ್ಥಾಪನೆಯಿಂದ. ೧೯೮೦ರಲ್ಲಿ ಅದಕ್ಕೆ ಪ್ರಾದೇಶಿಕ ಕೇಂದ್ರವೆಂಬ ಮನ್ನಣೆ ಬಂದಿತು. ೧೯೮೨ರಿಂದ ಬೆಂಗಳೂರಿನ ಜನಸಂಖ್ಯೆಯ ಅರ್ಬುದ ದಾಖಲಾತಿ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಡೋಸಿಟ್ಯಾಕ್ಸೆಲನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ೨೦೧೮ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡ ಕುಟುಂಬಗಳಿಗೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ದೊರೆಯುವಂತಾಯಿತು. ಔಷಧದ ಬೆಲೆಯೊಂದೇ ತಡೆಯಾಗಿದ್ದ ಕಾಲವು ಬಹುಮಟ್ಟಿಗೆ ಹಿಂದೆ ಸರಿದಿದೆ. ದೂರವು ಮಾತ್ರ ಉಳಿದಿದೆ. ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು ೨೫೦ ಕಿಲೋಮೀಟರು. ಮಂಗಳೂರು ಸುಮಾರು ೧೫೦, ಆದರೆ ನಡುವೆ ಚಾರ್ಮಾಡಿ ಘಾಟಿ.

ಉದಾಹರಣೆಗೆ, ವಸ್ತಾರೆಯ ಬಳಿಯ ಒಬ್ಬ ಸಣ್ಣ ಬೆಳೆಗಾರರಿಗೆ ಮಾರ್ಚಿ ೧೫ರಂದು ಮೊದಲ ಸುತ್ತಾಯಿತೆಂದು ಇಟ್ಟುಕೊಳ್ಳೋಣ. ಇಪ್ಪತ್ತೊಂದು ದಿನಕ್ಕೊಂದರಂತೆ ಆರನೆಯ ಸುತ್ತು ಜೂನ್ ೨೮ಕ್ಕೆ ಬರುತ್ತದೆ. ಉಳಿದ ನಾಲ್ಕು ಜುಲೈ ೧೯, ಆಗಸ್ಟ್ ೯, ಆಗಸ್ಟ್ ೩೦, ಸೆಪ್ಟೆಂಬರ್ ೨೦. ಅಂದರೆ ಪುಷ್ಯ, ಆಶ್ಲೇಷ, ಮಖೆ ಮಳೆಗಳ ಕಾಲವೆಲ್ಲ ಈ ನಾಲ್ಕರ ನಡುವೆಯೇ ಬೀಳುತ್ತದೆ. ಈ ಔಷಧ ಪಡೆದ ಎಂಟು ಹತ್ತು ದಿನದ ಸುಮಾರಿಗೆ ರಕ್ತದ ಬಿಳಿಕಣಗಳು ಅತಿ ಕಡಿಮೆಯಾಗುತ್ತವೆ. ಆಗ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ ಸೇರಬೇಕು. ೨೦೧೯ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯ ಸಂಚಾರವೇ ನಿಂತುಹೋಗಿತ್ತು. ಪರೀಕ್ಷೆಯ ಕಾಗದದಲ್ಲಿ ಒಂಬತ್ತನೆಯ ಸುತ್ತು ಎರಡನೆಯದರಂತೆಯೇ ಒಂದು ಸುತ್ತು. ಈ ಸೀಮೆಯಲ್ಲಿ ಅವೆರಡೂ ಸಮನಲ್ಲ.

ಕೇಡುಗಳಲ್ಲಿಯೂ ಎರಡು ಬಗೆಯಿವೆ. ಬಿಳಿಕಣಗಳ ಇಳಿತವು ಪ್ರತಿ ಸುತ್ತಿನಲ್ಲಿಯೂ ಬಂದು ಹೋಗುವಂಥದು. ಕೈಕಾಲು ಬೆರಳುಗಳ ಜೋಮು, ಉಗುರಿನ ಕೇಡು, ಕಾಲಿನ ಬಾವು, ಮೈಯ ನಿತ್ರಾಣ ಇವು ಸುತ್ತು ಕಳೆದಂತೆ ಕೂಡುತ್ತ ಹೋಗುವಂಥವು. ಕಾಫಿಹಣ್ಣು ಬಿಡಿಸುವ, ಚಿಗುರು ತೆಗೆಯುವ, ಇಳಿಜಾರಿನಲ್ಲಿ ಹೆಜ್ಜೆಯೂರುವ ಮನುಷ್ಯನಿಗೆ ಬೆರಳಿನ ಸ್ಪರ್ಶ ಹೋಗುವುದು ಸಣ್ಣ ಮಾತಲ್ಲ. ಸುತ್ತಿನ ಸಂಖ್ಯೆಯನ್ನು ಮುಖ್ಯವಾಗಿ ನಿರ್ಣಯಿಸಬೇಕಾದುದು ಈ ಎರಡನೆಯ ಬಗೆಯ ಕೇಡು. ಆದರೆ ರೋಗಿಯು ಬಾಯಿಬಿಟ್ಟು ಹೇಳಿದ ಹೊರತು ಅದು ವೈದ್ಯರಿಗೆ ತಿಳಿಯದು. ರಕ್ತಪರೀಕ್ಷೆಯಲ್ಲಿ ಜೋಮು ಕಾಣುವುದಿಲ್ಲ. ಹಿರಿಯರಿಗೆ ರೋಗದ ಹೆಸರನ್ನೇ ಹೇಳದೆ ಮಕ್ಕಳೇ ಎಲ್ಲವನ್ನೂ ಗೊತ್ತುಮಾಡುವ ಮನೆಗಳಲ್ಲಿ ಈ ಸಾಕ್ಷ್ಯವು ವೈದ್ಯರನ್ನು ಮುಟ್ಟುವುದೇ ಇಲ್ಲ.

೮

ಇದುವರೆಗಿನ ವಿವೇಚನೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಹತ್ತು, ಆರು ಎಂಬ ಸಂಖ್ಯೆಗಳು ೨೦೦೪ ಮತ್ತು ೨೦೧೫ರ ಸುಮಾರಿನ ಪರೀಕ್ಷೆಗಳ ವಿನ್ಯಾಸದಿಂದ ಬಂದವು. ಅವು ರೋಗದ ಎರಡು ಬೇರೆಬೇರೆ ಹಂತಗಳಿಗೆ ಸಂಬಂಧಿಸಿದವು. ಎರಡನೆಯದಾಗಿ, ಪರೀಕ್ಷೆಯಲ್ಲಿ ಭಾಗವಹಿಸಿದವರಲ್ಲಿಯೇ ಅನೇಕರು ಹತ್ತನ್ನು ಮುಟ್ಟಲಿಲ್ಲ. ಕಂಡ ಲಾಭದಲ್ಲಿ ಅವರ ಪಾಲೂ ಸೇರಿದೆ. ಮೂರನೆಯದಾಗಿ, ಹೆಚ್ಚು ಸುತ್ತು ಪಡೆದವರ ದೀರ್ಘಾಯುಸ್ಸನ್ನು ಸುತ್ತಿನ ಫಲವೆಂದೇ ಓದುವುದು ಆಧಾರವನ್ನು ಮೀರಿದ ಮಾತಾಗುತ್ತದೆ. ನಾಲ್ಕನೆಯದಾಗಿ, ಈ ಚರಿತ್ರೆಯಿಂದ ತಾನಾಗಿಯೇ ಚಿಕಿತ್ಸೆ ಬಿಡುವ ಅಧಿಕಾರವು ಯಾರಿಗೂ ದೊರೆಯುವುದಿಲ್ಲ. ಆರಂಭದ ಹಂತದಲ್ಲಿ ಆರನ್ನು ಪೂರೈಸುವುದರ ಹಿಂದೆ ಬಲವಾದ ಸಾಕ್ಷ್ಯವಿದೆ. ಆಯಾಸದ ಒಂದು ವಾರದಲ್ಲಿ ಅದನ್ನು ಕೈಬಿಡುವುದು ನಷ್ಟಕ್ಕೆ ದಾರಿ. ತಡೆ ಮೀರಿದ ಹಂತದಲ್ಲಿ ಏಳಕ್ಕೋ ಎಂಟಕ್ಕೋ ವೈದ್ಯರು "ಇಲ್ಲಿಗೆ ಸಾಕು" ಎಂದರೆ ಅದು ಕೈಚೆಲ್ಲಿದ ಮಾತಲ್ಲ, ಚಿಕಿತ್ಸೆಯೊಳಗಿನ ಒಂದು ನಿರ್ಣಯ.

ಮಗನ ಪ್ರಶ್ನೆಗೆ ಉತ್ತರವು ಆಚೆಮನೆಯಲ್ಲಿಲ್ಲ. ಅಪ್ಪಯ್ಯನ ರೋಗವು ಯಾವ ಹಂತದಲ್ಲಿದೆ, ಕಳೆದ ಸುತ್ತಿನಿಂದ ನೋವು ಇಳಿಯಿತೇ, ಬೆರಳುಗಳು ಹೇಗಿವೆ, ನಿಲ್ಲಿಸಿದರೆ ಮುಂದಿನ ಔಷಧ ಯಾವುದು, ಮಳೆಗಾಲದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಬೇಕು ಎಂಬ ಐದು ಮಾತುಗಳನ್ನು ಅವರ ಎದುರಿಗೇ ವೈದ್ಯರಲ್ಲಿ ಕೇಳಿ ತಿಳಿಯಬೇಕು. ಜಿಲ್ಲೆಯ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಪಡೆದವರು ಎಷ್ಟನೆಯ ಸುತ್ತಿಗೆ ನಿಲ್ಲಿಸಿದರು, ಯಾವ ಕಾರಣದಿಂದ ನಿಲ್ಲಿಸಿದರು ಎಂಬುದನ್ನು ಹೆಸರುಗಳಿಲ್ಲದೆ ದಾಖಲಿಸಿಡುವುದು ವೈದ್ಯರೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಕೂಡಿ ಮಾಡಬಹುದಾದ ಕೆಲಸ. ಮಲೆನಾಡಿನ ಮಳೆ ಮತ್ತು ದಾರಿಗಳು ಸುತ್ತುಗಳ ಲೆಕ್ಕವನ್ನು ಎಷ್ಟುಮಟ್ಟಿಗೆ ಬದಲಿಸಿವೆಯೆಂಬುದನ್ನು ಅಂತಹ ದಾಖಲೆಗಳಿಂದಲೇ ತಿಳಿಯಬೇಕಾಗಿದೆ.